ತಿಂಗಳಿಗೆ ನಾನೂರು ಡಾಲರ್

"ಸಂಯುಕ್ತಾ..."

ಯಲಹಂಕದ ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಾಗಿಲ ಕಡೆ ತಿರುಗಿದ್ದವಳ ಕಾಲು ಆ ದನಿಗೆ ಅಲ್ಲೇ ನಿಂತಿತು.

ರವಿಕಿರಣ!

ಮಾಲ್ಡೀವ್ಸ್‌ನ ಶಾಲೆಯಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿರಬೇಕಾದವನು ಇಲ್ಲಿ ಟೋಕನ್ ಹಿಡಿದು ನಿಂತಿದ್ದಾನೆ. ಗಡ್ಡ ಬೆಳೆದಿದೆ, ಮುಖ ಸೊರಗಿದೆ. 'ಸರಿಯಾಗಿ ಊಟ ಮಾಡ್ತಿದ್ದಾನೋ ಇಲ್ವೋ...' ಅಂತ ಕರಗಲು ಹೊರಟ ಮನಸ್ಸಿಗೆ ಅವಳೇ ಬೈದುಕೊಂಡಳು. ಮೋಸಗಾರನ ಊಟದ ಚಿಂತೆ ನಿನಗ್ಯಾಕೆ?

"ಯಾವಾಗ ಬಂದೆ?"

"ನಾಲ್ಕು ದಿನ ಆತು. ನೀ ಎಲ್ಲಾ ಕಡೆ ಬ್ಲಾಕ್ ಮಾಡೀಯಲ್ಲ, ಹೆಂಗ ಹೇಳ್ಲಿ?"

"ಬ್ಲಾಕ್ ಮಾಡ್ದೆ. ಇನ್ನೇನು, ಆರತಿ ಎತ್ಬೇಕಿತ್ತಾ?!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಂಯುಕ್ತಾ ಸರಸರನೆ ಹೊರಗೆ ನಡೆದಳು. ಟೋಕನ್ ಕೈಯಲ್ಲೇ ಹಿಡಿದುಕೊಂಡು ಅವನೂ ಹಿಂದೆಯೇ ಓಡಿದ.

ಈ ಸಿಟ್ಟಿನ ಮೂಲ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನಮ್ಮ ಹುಡುಗಿಯನ್ನೇ ಬಜಾರಿ ಅಂದುಕೊಂಡೀರಿ.

ಆ ದ್ವೀಪದ ಶಾಲೆಯಲ್ಲಿ ಇಬ್ಬರೂ ಟೀಚರುಗಳು. ಸಂಬಳ ಅಲ್ಲಿನ ರುಫಿಯಾದಲ್ಲಿ. ಅದನ್ನು ಡಾಲರ್ ಮಾಡಿ ಊರಿಗೆ ಕಳಿಸಲು ಅವರ ಬ್ಯಾಂಕು ಒಬ್ಬರಿಗೆ ತಿಂಗಳಿಗೆ ನಾನೂರು ಡಾಲರ್ ಮಾತ್ರ ಬಿಡುತ್ತಿತ್ತು. ಹಾಗಾಗಿ ಅಲ್ಲಿದ್ದ ನಮ್ಮವರಲ್ಲಿ ಒಂದು ರೂಢಿ. ಅವಸರವಿಲ್ಲದವರು ತಮ್ಮ ಪಾಲಿನ ನಾನೂರನ್ನು ಅವಸರವಿದ್ದವರಿಗೆ ಬಿಟ್ಟುಕೊಡುವುದು. ರವಿಕಿರಣ ತನ್ನ ಪಾಲನ್ನು ಸಂಯುಕ್ತಾಗೆ ಬಿಟ್ಟ. ಅವಳು ಸಂಬಳದಲ್ಲಿ ಉಳಿದದ್ದನ್ನು ಅವನ ಖಾತೆಗೆ ಹಾಕುವಳು, ಅವನು ಅಲ್ಲಿಂದ ಅವಳ ಯಲಹಂಕದ ಖಾತೆಗೆ ಕಳಿಸುವನು. ತಿಂಗಳಿಗೊಮ್ಮೆ ಜೊತೆಯಾಗಿ ನಿಂತ ಆ ಬ್ಯಾಂಕಿನ ಸಾಲಿನಲ್ಲೇ ಪ್ರೀತಿಯೂ ಹುಟ್ಟಿತು.

ಅಷ್ಟರಲ್ಲಿ ಬ್ಯಾಟರಾಯನಪುರದಲ್ಲಿ ಅವಳ ತಾಯಿ ಯಲ್ಲಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನೋಡಿಕೊಳ್ಳಲು ಇವಳೊಬ್ಬಳೇ. ಕೆಲಸ ಬಿಟ್ಟು ಬಂದಳು. ಕೆಲಸ ಬಿಟ್ಟು ಹೊರಡುವವರಿಗೆ ಬ್ಯಾಂಕು ಖಾತೆಯಲ್ಲಿದ್ದದ್ದನ್ನೆಲ್ಲ ಒಮ್ಮೆಗೇ ಕಳಿಸಲು ಬಿಡುತ್ತಿತ್ತು. ಅವಳ ಖಾತೆಯದ್ದೆಲ್ಲ ಬಂತು. ಅವನ ಖಾತೆಯಲ್ಲಿದ್ದ ಅವಳ ಎರಡು ಲಕ್ಷ ಮಾತ್ರ ಅಲ್ಲೇ ಉಳಿಯಿತು.

"ತಿಂಗಳಾ ತಿಂಗಳಾ ಕಳಿಸ್ತೀನಿ" ಅಂದಿದ್ದ.

ಎರಡನೇ ಮಹಡಿಯ ಬಾಡಿಗೆ ಮನೆಯಿಂದ ಅಮ್ಮನಿಗೆ ಇಳಿಯಲು ಆಗುತ್ತಿರಲಿಲ್ಲ. ತಣಿಸಂದ್ರದಲ್ಲಿ ನೆಲಮಹಡಿಯ ಮನೆಯೊಂದು ಲೀಸ್‌ಗೆ ಸಿಕ್ಕಿತು. ಕಡಿಮೆ ಬಿದ್ದದ್ದು ಅದೇ ಎರಡು ಲಕ್ಷ. ಕೇಳಿದಾಗಲೆಲ್ಲ ಅವನದು ಒಂದೇ ಮಾತು. "ಬ್ಯಾಂಕಿನವ್ರು ಕಳಿಸೋದು ನಿಲ್ಲಿಸ್ಯಾರ ಸಂಯುಕ್ತಾ..."

ಐದು ತಿಂಗಳು ಕಾದ ಓನರ್ ಮನೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟ.

ಅದಾದ ವಾರಕ್ಕೇ ಅದೇ ಶಾಲೆಯಲ್ಲಿದ್ದ ಆರ್.ಟಿ. ನಗರದ ಕನೀಜ್ ಫೋನಿನಲ್ಲಿ ಅಂದಳು. "ನಿಲ್ಸಿದ್ದಾರಾ? ಯಾರ್ ಹೇಳಿದ್ದು? ರವಿ ಪ್ರತಿ ತಿಂಗಳು ನನ್ ಮುಂದೇನೇ ಕಳಿಸ್ತಾನಲ್ಲೇ... ಅವನ ತಂಗಿ ಶೀತಲ್‌ಗೆ!"

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ! ಸಂಯುಕ್ತಾ ಅವತ್ತು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು, ಅಮ್ಮನಿಗೆ ಕೇಳಿಸದ ಹಾಗೆ ಅತ್ತಿದ್ದಳು.

ಈಗ ಬ್ಯಾಂಕಿನ ಹೊರಗಿನ ಟೀ ಅಂಗಡಿಯ ಪಕ್ಕ ಅವನು ತಲೆ ತಗ್ಗಿಸಿ ನಿಂತಿದ್ದ.

"ಶೀತಲ್‌ಗ ಏಳು ತಿಂಗಳಿಗೇ ಹೆರಿಗಿ ಆತು. ಕೂಸು ಒಂದು ಕೆಜಿನೂ ಇರಲಿಲ್ಲ. ಖಾತೆದಾಗ ನಿನ್ನ ರೊಕ್ಕಾನೂ ಇತ್ತು, ನಂದೂ ಇತ್ತು. ಆದ್ರ ಬಾಗಿಲು ಒಂದ ಇತ್ತು. ತಿಂಗಳಿಗೊಮ್ಮೆ ತಗೀತಿತ್ತು. ನಾ ತಂಗೀನ್ನ ಮುಂದ ಬಿಟ್ಟೆ..."

"ಬಿಟ್ಟಿದ್ದು ತಪ್ಪು ಅಂತ ನಾನು ಅಂದ್ನಾ? ಸುಳ್ಳು ಯಾಕೋ ಹೇಳ್ದೆ?"

"ಹೇಳಿದ್ರ ನೀ 'ಮಗೂಗೆ ಕಳಿಸು' ಅಂತಿದ್ದಿ. ನಿಮ್ಮವ್ವ ಮ್ಯಾಲೇ ಉಳೀತಿದ್ರು. ಅವರ ಮುಖ ನೋಡಿದಾಗೆಲ್ಲ ನೀ ನೋಯ್ತಿದ್ದಿ. ಆ ಭಾರ ನಂಗ ಇರ್ಲಿ ಅಂತ..."

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು?" ಅವಳ ದನಿ ಒಡೆಯಿತು. "ಆರು ತಿಂಗಳ ಮೇಲಾಯ್ತು, ಅಮ್ಮ ನೆಲ ತುಳಿದಿಲ್ಲ. ಸೊಪ್ಪಿನೋಳನ್ನ ಕಿಟಕಿಯಿಂದಲೇ ಮಾತಾಡಿಸ್ತಾಳೆ. ಆ ಮಗು ಉಳಿಯೋದಕ್ಕೆ ನಮ್ಮದೂ ಒಂದು ಪಾಲು ಇದೆ ಅಂತ ಗೊತ್ತಿದ್ರೆ ಅದನ್ನೂ ತಡ್ಕೋತಿದ್ವಿ ರವಿ. ನೀನು ನನ್ನನ್ನ ನಂಬ್ಲೇ ಇಲ್ಲ!"

ಅವನು ಕಣ್ಣೊರೆಸಿಕೊಂಡು ಜೇಬಿನಿಂದ ಚೆಕ್ ತೆಗೆದ. "ನಿನ್ನ ರೊಕ್ಕ, ಪೂರ್ತಿ. ನಿನ್ನ ಖಾತೆಗೆ ಹಾಕೋಣಂತ ಬಂದಿದ್ದೆ. ಕೆಲಸ ಬಿಟ್ಟೆ. ಬಿಟ್ಟವರಿಗಷ್ಟ ಒಮ್ಮೆಗೆ ಕೊಡ್ತಾರಲ್ಲ..."

"ಕೆಲಸ ಬಿಟ್ಯಾ?! ಕಾಂಟ್ರ್ಯಾಕ್ಟ್ ಇನ್ನೂ ಎರಡು ವರ್ಷ ಇತ್ತಲ್ಲೋ! ಯಾರನ್ನ ಕೇಳಿ ಬಿಟ್ಟೆ?"

ರವಿಕಿರಣ ಚೆಕ್ಕಿನ ಅಂಚು ಮಡಚತೊಡಗಿದ.

"ನೋಡು... ಮತ್ತೆ ಅದೇ! ಮತ್ತೆ ಕೇಳ್ಲಿಲ್ಲ!"

ಸಿಟ್ಟಿನಲ್ಲೇ ಅವಳಿಗೆ ಅಳುವೂ ಬಂತು, ನಗುವೂ ಬಂತು. ಇಂಥ ದಡ್ಡನನ್ನು ಪೂರ್ತಿ ದ್ವೇಷಿಸಲಿಕ್ಕೂ ಆಗುವುದಿಲ್ಲವಲ್ಲ, ಕರ್ಮ!

"ಚೆಕ್ ಆಮೇಲೆ ಹಾಕು. ಮೊದ್ಲು ನಡಿ, ಅಮ್ಮನ ಹತ್ರ. ಮನೆ ಯಾಕೆ ಕೈತಪ್ತು ಅಂತ ನೀನೇ ಹೇಳು."

ಅವನ ಮುಖ ಬಿಳಿಚಿಕೊಂಡಿತು. ಆದರೂ ಬಂದ. ಎರಡು ಮಹಡಿ ಹತ್ತಿ, ಯಲ್ಲಮ್ಮನ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಒಂದೂ ಮುಚ್ಚಿಡದೆ ಹೇಳಿದ. ತಾನು ಸುಳ್ಳು ಹೇಳಿದ್ದನ್ನೂ ಹೇಳಿದ.

ಯಲ್ಲಮ್ಮ ಮಲಗಿದ್ದಲ್ಲಿಂದಲೇ ಅವನ ಕಡೆ ತಿರುಗಿದರು.

"ಮಗ ಈಗ ಎಂಗೈತಪ್ಪಾ?"

"ಆರಾಮೈತ್ರಿ. ಈಗ ಐದು ಕೆಜಿ ತೂಗ್ತೈತಿ."

"ಇಂಗೈತೆ ಅಂತ ಒಂದ್ ಮಾತು ಏಳಿದ್ರೆ ನಾನೇ ಆ ಮನೆ ಬ್ಯಾಡ ಅಂತಿದ್ನಲ್ಲೋ... ನನ್ನ ಅಷ್ಟು ಕೆಟ್ಟೋಳು ಅನ್ಕಂಡ್ಯಾ?"

ಬೈಸಿಕೊಳ್ಳಲು ತಯಾರಾಗಿ ಬಂದಿದ್ದವನು ಅವರ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಸಂಯುಕ್ತಾ ತಡೆಯಲಿಲ್ಲ. ಅಳಲಿ, ಅವನೂ ಸ್ವಲ್ಪ ಅಳಲಿ.

ಆಮೇಲೆ ಅವನನ್ನು ಬೀಳ್ಕೊಡಲು ಮೆಟ್ಟಿಲ ತನಕ ಬಂದಳು. ಎರಡು ಮೆಟ್ಟಿಲು ಇಳಿದವನು ನಿಂತು ತಿರುಗಿದ.

"ಒಂದು ಕೇಳ್ಲಾ?"

"ಕೇಳು."

"ನಂಗ ಕೆಲಸಿಲ್ಲ. ನಿಂಗ ನೋವು ಕೊಟ್ಟೀನಿ. ಆದ್ರೂ ನಿನ್ನ ಬಿಟ್ಟು ನಂಗ ಇರಾಕ ಆಗಂಗಿಲ್ಲ ಸಂಯುಕ್ತಾ. ನನ್ನ ಜೋಡಿ ಬಾಳ್ತೀಯೇನು?"

ಅವಳು ಗೋಡೆಗೆ ಒರಗಿ, ಅವನನ್ನೇ ನೋಡಿದಳು.

"ಕೋಪ ಇನ್ನೂ ಇದೆ."

"ಇರ್ಲಿ."

"ತುಂಬಾ ಇದೆ ಕಣೋ."

"ಹೂಂ... ಎಷ್ಟು ದಿನ ಇರತೈತಿ?"

"ಗೊತ್ತಿಲ್ಲ. ಪಕ್ಕದಲ್ಲೇ ಇದ್ದು ನೋಡು..."