ಗಸಗಸೆ ಹನಿಯ ಕೊಳವೆ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮರಿಗಳಾಗಿದ್ದು ಅತ್ತಿತ್ತ ಓಡಾಡಿಕೊಂಡಿದ್ದ ಕಾಲದಲ್ಲಿ, ಥಳಥಳಪುರ ಎಂಬೊಂದು ರಾಜ್ಯವಿತ್ತು. ಅಲ್ಲಿ ಹೊನ್ನೂರ ಎಂಬ ಬಳೆಗಾರನಿದ್ದ. ಅವನ ಕೈಚಳಕ ಎಂಥದ್ದಂತೀರಿ! ಸೊಳ್ಳೆ ಬಂದು ಕೈ ಚಾಚಿದರೂ ಆರು ಕಾಲಿಗೂ ಅಳತೆಗೆ ಸರಿಯಾಗಿ ಗಾಜಿನ ಬಳೆ ತೊಡಿಸಿ ಕಳಿಸುವವನು.

ಒಂದು ದಿನ ಡೊಂಕಭೈರನೆಂಬ ಮಂತ್ರವಾದಿ ಬಳೆ ತೊಡಿಸಿಕೊಳ್ಳಲು ಪೇಟೆಗೆ ಬಂದ. ಹೊನ್ನೂರನ ಹೆಂಡತಿ ಕೆಂಚವ್ವ ಅವನ ಕೈ ಹಿಡಿದು ನೋಡಿದಳು.

"ಸ್ವಾಮಿ, ಇದು ಕೈಯೋ ಒನಕೆಯೋ? ಇದಕ್ಕೆ ಬಳೆ ಸಾಲದು, ಗಾಡಿಚಕ್ರದ ಪಟ್ಟಿ ಹೊಡೆಸಬೇಕು!"

ಪೇಟೆಗೆ ಪೇಟೆಯೇ ಘೊಳ್ಳೆಂದು ನಕ್ಕಿತು. ಉಪ್ಪರಿಗೆಯ ಮೇಲಿದ್ದ ರಾಜನೂ ನಕ್ಕ. ಡೊಂಕಭೈರ ಕೈ ಕೊಡವಿದ, ನಕ್ಕವರೆಲ್ಲ ಇರುವೆಯಷ್ಟಾದರು! ಅವರ ಎತ್ತರವೆಲ್ಲ ಅವನ ಮೈಗೆ ಸೇರಿ ಅವನು ಗುಡ್ಡದಷ್ಟಾದ. ಕುಲುಮೆಯ ಸದ್ದಿನಲ್ಲಿ ಮಾತು ಕೇಳಿಸದೆ, ನಗದೆ ಉಳಿದವನು ಹೊನ್ನೂರ ಒಬ್ಬನೇ.

ಹೊನ್ನೂರ ಹೆಂಡತಿಯನ್ನು ಬೆರಳ ತುದಿಗೆ ಹತ್ತಿಸಿಕೊಂಡು ಮಂತ್ರವಾದಿಯ ಕಾಲಿಗೆ ಬಿದ್ದ. ಡೊಂಕಭೈರ ಒಂದು ಚಿಪ್ಪಿನ ತುಂಬ, ಕುಗ್ಗಿದ ಮೈ ಬೆಳೆಸುವ ಬೆಳೆನೀರು ಇಟ್ಟ.

"ಒಬ್ಬರಿಗೆ ಗಸಗಸೆ ಕಾಳಿನಷ್ಟೇ ಹನಿ. ಕೂದಲೆಳೆ ಹೆಚ್ಚಬಾರದು, ಕೂದಲೆಳೆ ಕಮ್ಮಿಯಾಗಬಾರದು. ಮೂರು ಸಲ ನೋಡು. ಒಬ್ಬರನ್ನು ಸರಿ ಅಳತೆಗೆ ತಂದರೂ ನನ್ನ ಮಾಯೆಯೆಲ್ಲ ಬಿಚ್ಚಿಹೋಗುತ್ತದೆ. ಮೂರೂ ತಪ್ಪಿದರೆ ಇವರು ನಿಜವಾದ ಇರುವೆಗಳೇ ಆಗುತ್ತಾರೆ."

ತೀರ್ಪು ಹೇಳಲು ಅವನ ಮಾಯಾ ಓತಿಕ್ಯಾತ ಬೇಲಿಯ ಮೇಲೆ ಕೂತಿತ್ತು. ಅಳತೆ ಸರಿಯಾದರೆ ತಲೆದೂಗುತ್ತದೆ, ತಪ್ಪಾದರೆ ನಾಲಿಗೆ ಚಾಚುತ್ತದೆ. ಒಡೆಯನ ಎದುರಿಗೂ ಸುಳ್ಳಾಡದ ಪ್ರಾಣಿ.

"ಮೊದಲು ನನಗೆ! ಊರಿಗೆ ಪಟೇಲ ನಾನು!" ಎಂದು ಪಟೇಲ ಮುದ್ದಯ್ಯ ಚೀರಿದ. ಹೊನ್ನೂರ ಪೂಜೆಯ ಉದ್ಧರಣೆಯಿಂದ ನೀರೆತ್ತಿ, ಉಸಿರು ಬಿಗಿಹಿಡಿದು ಬಗ್ಗಿಸಿದ. ಬಿದ್ದದ್ದು ಕಡಲೆಕಾಳಿನಷ್ಟು ಹನಿ! ಮುದ್ದಯ್ಯ ಸರ್ರನೆ ಬೆಳೆದ, ತಾಳೆಮರ ದಾಟಿದ, ಮೋಡದೊಳಗೆ ತಲೆ ತೂರಿಸಿದ.

"ಹೊನ್ನೂರಾ, ಇಲ್ಲಿ ಭಾರೀ ಚಳಿ ಕಣೋ! ಒಂದು ಕಂಬಳಿ ಎಸಿ!" ಎಂದು ಮೇಲಿಂದ ಕೂಗಿದ.

ಓತಿಕ್ಯಾತ ನಾಲಿಗೆ ಚಾಚಿತು.

"ಚಮಚಕ್ಕೆ ಬಾಯಿ ದೊಡ್ಡದು, ನಿಮ್ಮ ಪಟೇಲನ ಹಾಗೆ," ಎಂದಳು ಹೊನ್ನೂರನ ಕಿವಿಯ ಮೇಲೆ ಕೂತ ಕೆಂಚವ್ವ. "ಸಣ್ಣಬಾಯಿಯದು ಮಾಡ್ರೀ."

ಹೊನ್ನೂರ ಕುಲುಮೆಗೆ ಓಡಿದ. ಗಾಜು ಕಾಯಿಸಿ ಎಳೆದು, ಮೂತಿ ಸಣ್ಣಗಿರುವ ಕೊಳವೆ ಮಾಡಿದ. ಬಾಯಲ್ಲಿ ಹೀರಿ, ಮೇಲಿನ ತೂತಿಗೆ ಹೆಬ್ಬೆರಳು ಒತ್ತಿ, ತಳವಾರ ಗುಡ್ಡಣ್ಣನ ನೆತ್ತಿಯ ಮೇಲೆ ಹಿಡಿದು ಬೆರಳು ಸಡಿಲಿಸಿದ. ಅರ್ಧ ಬಿತ್ತು, ಅರ್ಧ ಕೊಳವೆಯ ತುದಿಗೇ ಅಂಟಿಕೊಂಡಿತು. ಗುಡ್ಡಣ್ಣನ ಮೀಸೆಯೊಂದು ಮಾತ್ರ ಪೂರ್ತಿ ಬೆಳೆಯಿತು! ಮೀಸೆಯ ಅಡಿಯಲ್ಲಿ ತಳವಾರ ಎಲ್ಲಿದ್ದಾನೆಂದು ಅವನ ಹೆಂಡತಿಗೂ ಗೊತ್ತಾಗಲಿಲ್ಲ.

ಓತಿಕ್ಯಾತ ಮತ್ತೆ ನಾಲಿಗೆ ಚಾಚಿತು. ಡೊಂಕಭೈರ ಗುಡ್ಡ ಅಲುಗುವಂತೆ ನಕ್ಕ.

"ಇನ್ನೊಂದೇ ಸಲ. ಈಗ ಯಾರು?"

"ನಾನು," ಎಂದಳು ಕೆಂಚವ್ವ.

"ಬೇಡ ಕಣೇ!"

"ಬಾಯಿ ಮಾಡಿದವಳು ನಾನಲ್ಲವೇ? ಹೋಗಿ ಕೆಲಸ ನೋಡಿ."

ಹೊನ್ನೂರ ಮತ್ತೆ ಕುಲುಮೆಗೆ ಓಡಿದ. ಬುದ್ಧಿಯೂ ಮಿಂಚಿನ ಹಾಗೆ ಓಡಿತು! ಕೊಳವೆಯೊಳಗೆ ಆಡುವಂತೆ ಒಂದು ತಂತಿ ಹಾಕಿದ. ಗಾಳಿ ನುಸುಳದಂತೆ ಅದರ ತುದಿಗೆ ರೇಷ್ಮೆ ಸುತ್ತಿ ತುಪ್ಪ ಸವರಿದ. ತಂತಿ ಎಷ್ಟು ಎಳೆದರೂ ಒಂದು ಗಂಟಿನ ಹತ್ತಿರ ನಿಲ್ಲಬೇಕು, ಹಾಗೆ ಗಂಟು ಹಾಕಿದ. ಮೂತಿಯನ್ನು ಕೂದಲಿನಷ್ಟು ಸಣ್ಣಗೆ ಎಳೆದು, ಹನಿ ಅಂಟದಂತೆ ಸಾಣೆಕಲ್ಲಿನ ಮೇಲೆ ಉಜ್ಜಿದ. ಅಕ್ಕಸಾಲಿಗನ ತಕ್ಕಡಿ ತಂದು ಒಂದು ತಟ್ಟೆಗೆ ಗಸಗಸೆ ಕಾಳು, ಇನ್ನೊಂದಕ್ಕೆ ನೀರಿನ ಹನಿ. ಒಮ್ಮೆ ಮುಳ್ಳು ಹನಿಯ ಕಡೆ ವಾಲಿತು, ಗಂಟು ಮೇಲೇರಿಸಿದ. ಒಮ್ಮೆ ಕಾಳಿನ ಕಡೆ ವಾಲಿತು, ಗಂಟು ಕೆಳಗಿಳಿಸಿದ. ಆಮೇಲೆ ಹತ್ತೊಂಬತ್ತು ಸಲ ಹನಿ ಹಾಕಿದ, ಹತ್ತೊಂಬತ್ತು ಸಲವೂ ಮುಳ್ಳು ನಟ್ಟ ನಡುವೆ ನಿಂತಿತು!

"ಸಿಕ್ಕಿತು ಕಣೇ ಕೆಂಚೀ!" ಎಂದು ಕುಣಿಯುತ್ತ ಬಂದ.

ಅವಳನ್ನು ಎಲೆಯ ಮೇಲೆ ನಿಲ್ಲಿಸಿದ. ಬೆಳೆನೀರು ಎಳೆದುಕೊಂಡ. ಆಮೇಲೆ ಏನು ಮಾಡಿದ ಗೊತ್ತೇ? ಕೊಳವೆಯನ್ನು ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಉಜ್ಜತೊಡಗಿದ. ಬಳೆಗಾರರ ಪದ್ಧತಿ ಅದು: ತಣ್ಣನೆ ಗಾಜನ್ನು ಹೆಣ್ಣುಮಕ್ಕಳ ಮೈಗೆ ತಾಕಿಸಬಾರದು, ಅಂಗೈಯಲ್ಲಿ ಬೆಚ್ಚಗೆ ಮಾಡಿಯೇ ತೊಡಿಸಬೇಕು.

"ತಡೀರೀ!" ಕೆಂಚವ್ವ ಕೆಳಗಿನಿಂದ ಚೀರಿದಳು. "ಮೂತಿ ನೋಡಿ! ನೀವು ಒತ್ತದಿದ್ದರೂ ಹನಿ ಉಬ್ಬಿ ಈಚೆ ಬರುತ್ತಿದೆ! ನಿಮ್ಮ ಕೈ ಕಾವಿಗೆ ಅಳತೆ ಕೆಡುತ್ತಿದೆ!"

ಹೊನ್ನೂರ ಗಕ್ಕನೆ ಉಜ್ಜುವುದನ್ನು ನಿಲ್ಲಿಸಿದ. ಹೌದು, ತಕ್ಕಡಿಯಲ್ಲಿ ತೂಗುವಾಗ ಅವನು ಗಾಜನ್ನು ಅಂಗೈಯಲ್ಲಿ ಉಜ್ಜಿರಲೇ ಇಲ್ಲ.

"ತಣ್ಣಗೆ ಕೊಡಲು ಮನಸ್ಸು ಬರುವುದಿಲ್ಲ ಕಣೇ..."

"ಇಪ್ಪತ್ತು ವರ್ಷ ಬೆಚ್ಚಗೆ ತೊಡಿಸಿದ್ದೀರಿ. ಇವತ್ತೊಂದು ದಿನ ತಣ್ಣಗೇ ಕೊಡಿ."

ಹೊನ್ನೂರ ಬೆಳೆನೀರನ್ನು ಚಿಪ್ಪಿಗೆ ಹಿಂದಕ್ಕೆ ಚೆಲ್ಲಿದ. ಕೊಳವೆಯನ್ನು ಒದ್ದೆಬಟ್ಟೆಯಲ್ಲಿ ತಣಿಸಿದ. ಕೈ ಕಾವು ತಾಗದಂತೆ ಅದರ ನಡುವಿಗೆ ದಪ್ಪವಾಗಿ ಬಾಳೆನಾರು ಸುತ್ತಿದ. ಗಂಟಿನವರೆಗೆ ಎಳೆದ. ಮೇಲಿನಿಂದ ಬೀಳಿಸದೆ, ಮೂತಿಯನ್ನು ಅವಳ ತುಟಿಗೇ ತಾಕಿಸಿ ತಂತಿ ಒತ್ತಿದ.

ಕೊಳವೆ ಖಾಲಿ. ಒಂದು ಚೂರೂ ತುದಿಯಲ್ಲಿ ಉಳಿಯಲಿಲ್ಲ.

ಕೆಂಚವ್ವ ಬೆಳೆದಳು. ಮೊಣಕಾಲೆತ್ತರ, ಸೊಂಟದೆತ್ತರ, ಭುಜದೆತ್ತರ! ಅವಳ ನೆತ್ತಿ ಹೊನ್ನೂರನ ಗಲ್ಲದ ಹತ್ತಿರ ಬಂದು, ಎಂದಿನ ಜಾಗದಲ್ಲಿ ನಿಂತಿತು.

ಓತಿಕ್ಯಾತ ಒಡೆಯನ ಕಡೆ ನೋಡಿತು. ಹೊನ್ನೂರನ ಕಡೆ ನೋಡಿತು. ಆಮೇಲೆ ಜೋರಾಗಿ ತಲೆದೂಗಿತು!

ಢಮ್ ಎಂದಿತು ಮಾಯೆ. ಪೇಟೆಯವರೆಲ್ಲ ಹುರಿದ ಜೋಳದ ಹಾಗೆ ಪಟಪಟನೆ ಎದ್ದು ನಿಂತರು. ಪಟೇಲ ಗಡ್ಡದ ತುಂಬ ಮೋಡ ಅಂಟಿಸಿಕೊಂಡು ಕೆಳಗಿಳಿದ. ತಳವಾರ ತನ್ನ ಮೀಸೆಯ ಹಿಂದಿನಿಂದ ಈಚೆ ಬಂದ. ಕದ್ದ ಎತ್ತರವನ್ನೆಲ್ಲ ಕಳೆದುಕೊಂಡ ಡೊಂಕಭೈರ ನಾಲ್ಕು ಬೆರಳುದ್ದಕ್ಕೆ ಇಳಿದು, ಒಂದು ಕೋಳಿ ಅಟ್ಟಿಸಿಕೊಂಡು ಬರಲು, ಗಡಿಯಾಚೆ ಓಡಿಹೋದ.

ಕೆಂಚವ್ವ ತುಟಿ ಒರೆಸಿಕೊಂಡಳು. "ತಣ್ಣಗಿತ್ತು," ಎಂದಳು. ಹೊನ್ನೂರ ನಗುತ್ತಲೇ ಅತ್ತ, ಅಳುತ್ತಲೇ ನಕ್ಕ.

ಮುಂದೆ ಐವತ್ತಾರು ದೇಶದ ವೈದ್ಯರು ಸಾಲುಗಟ್ಟಿ ಬಂದು, ಮದ್ದು ಅಳೆಯಲೆಂದು ಅವನಿಂದ ಅಂಥದೇ ಕೊಳವೆ ಮಾಡಿಸಿಕೊಂಡು ಒಯ್ದರು. ಥಳಥಳಪುರದವರು ಅವರವರ ಎತ್ತರದಲ್ಲಿ, ಅವರವರ ಮೂಗು ಹೊತ್ತು, ಹೊಟ್ಟೆ ತುಂಬ ಉಂಡು, ಬಾಯಿ ತುಂಬ ನಕ್ಕು, ನೂರು ವರ್ಷ ಸುಖವಾಗಿ ಬಾಳಿದರು.