ಗಾಳಿಯ ಲೆಕ್ಕ ಹೇಳುವವಳು

ಮೊದಲ ದಿನವೇ ಅವನು ಫೋನ್ ಕುಕ್ಕಿಬಿಟ್ಟ.

ಅವಳು ಹೇಳಿದ್ದು ಇಷ್ಟೇ: "ಸಂಜೆ ಆರಕ್ಕೆ ಗಾಳಿಯಿಂದ ಎಂಟುನೂರು ಮೆಗಾವ್ಯಾಟ್. ಒಪ್ಪಿಗೆಯಾ?" ಆ ಕಡೆ ಉಸಿರು ಸಿಕ್ಕಿಕೊಂಡ ಸದ್ದು, ಆಮೇಲೆ ಕಟ್. ಹೊಸ ಕೆಲಸ, ಹೊಸ ಕುರ್ಚಿ. ಅವಳಿಗೋ ಮೂಗಿನ ತುದಿಯಲ್ಲೇ ಕೋಪ. ಮೂರನೇ ಮಹಡಿಯಿಂದ ದಡದಡ ಇಳಿದು ಕಂಟ್ರೋಲ್ ರೂಮಿನ ಬಾಗಿಲು ತಳ್ಳಿದಳು.

ಗೋಡೆಯಗಲದ ಪರದೆಯ ಮುಂದೆ ಅವನು ಕೂತಿದ್ದ, ಸಂಜೆ ಪಾಳಿಯ ಎಂಜಿನಿಯರ್. ಕಿವಿಯ ಪಕ್ಕ ಆಗಲೇ ನಾಲ್ಕು ಬಿಳಿಕೂದಲು, ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ಮಾತ್ರ ರಕ್ತವಿಲ್ಲ. ಲೈನ್ ಕಟ್ಟಾಯ್ತು ಅಂದ. ಊರೂರಿಗೆ ಕರೆಂಟ್ ಹಂಚುವ ಜಾಗದಲ್ಲಿ ಒಂದು ಫೋನ್ ಲೈನ್ ನೆಟ್ಟಗಿರುವುದಿಲ್ಲವೇ ಎಂದು ಅವಳು ಕೇಳಿದಳು. ಅವನು ತಲೆಯೆತ್ತಿ ಅವಳ ಮುಖದಲ್ಲಿ ಯಾರನ್ನೋ ಹುಡುಕಿದ. ಸಿಗಲಿಲ್ಲವೇನೋ, ನಿಧಾನವಾಗಿ ಉಸಿರು ಬಿಟ್ಟ. ಆ ನೋಟಕ್ಕೆ ಅವಳ ಕೋಪ ಅರ್ಧ ಇಳಿಯಿತು. ಉಳಿದರ್ಧವನ್ನು ಹಟಕ್ಕೆ ಇಟ್ಟುಕೊಂಡಳು.

ಸಂಜೆಗೆ ಗಾಳಿ ಎಷ್ಟು ಸಿಗುತ್ತದೆ, ಬಿಸಿಲು ಎಷ್ಟು ಉಳಿದಿರುತ್ತದೆ ಎಂದು ಮುಂಚೆಯೇ ಹೇಳುವುದು ಅವಳ ಕೆಲಸ. ಅದನ್ನು ನಂಬಿ ಕರೆಂಟ್ ಹೊಂದಿಸುವುದು ಅವನ ಕೆಲಸ. ಸೂರ್ಯ ಮುಳುಗುವ ಹೊತ್ತೇ ಇಬ್ಬರಿಗೂ ಗಂಡಾಂತರ. ಬಯಲುಗಟ್ಟಲೆ ಹಾಸಿದ ಸೋಲಾರ್ ಫಲಕಗಳು ಕೈಚೆಲ್ಲುತ್ತವೆ, ಅದೇ ಗಳಿಗೆಗೆ ಮನೆಮನೆಯಲ್ಲಿ ದೀಪ ಹತ್ತುತ್ತದೆ. ನಡುವಿನ ಹಳ್ಳವನ್ನು ಗಾಳಿ ತುಂಬಬೇಕು, ಇಲ್ಲವೇ ಅಣೆಕಟ್ಟಿನ ನೀರು ಬಿಡಬೇಕು. ಯಾವುದೆಂದು ನಾಲ್ಕು ಗಂಟೆಗೇ ತೀರ್ಮಾನವಾಗಬೇಕು.

ಹಾಗಾಗಿ ದಿನಾ ನಾಲ್ಕಕ್ಕೆ ಫೋನು. ಅವಳು ಅಂಕಿ ಹೇಳುವಳು, ಅವನು "ಆಯ್ತು" ಅನ್ನುವನು. ತಿಂಗಳು ಕಳೆಯುವಷ್ಟರಲ್ಲಿ ಅದರ ಬಾಲಕ್ಕೆ "ಊಟ ಆಯ್ತಾ?" ಸೇರಿತು. ಆಮೇಲೆ ಟೆರೇಸಿನಲ್ಲಿ ಚಹಾ. ಲೋಟ ಕೊಡುವಾಗ ಬೆರಳು ತಾಗದಂತೆ ಅವನು ಪಡುತ್ತಿದ್ದ ಎಚ್ಚರ ನೋಡಿಯೇ ಅವಳಿಗೆ ನಗು, ನಗುವಿನ ಹಿಂದೆ ಎದೆ ಢವಢವ. ಒಂದು ದಿನ ಬೇಕೆಂದೇ ತಾಗಿಸಿದಳು. ಅವನು ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡ.

ಪ್ರೀತಿ ಅಂದರೆ ಇದೇ ಎಂದು ಅವಳು ಒಳಗೊಳಗೇ ಒಪ್ಪಿಕೊಂಡಾಗಿತ್ತು. ಒಂದೇ ಒಂದು ವಿಷಯ ಗಂಟಲಲ್ಲಿ ಮುಳ್ಳಾಗಿತ್ತು. ಒಮ್ಮೆ ಕಂಟ್ರೋಲ್ ರೂಮಿನ ಗಾಜಿನಾಚೆ ನಿಂತು ಮೊಬೈಲಿನಿಂದಲೇ ಅಂಕಿ ಹೇಳಿದಾಗ ಕಂಡಳು: ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಎದುರಿಗೆ ಕೂತು ಮಾತಾಡುವಾಗ ಅವನ ಮುಖದಲ್ಲಿ ಅಷ್ಟು ಆಸೆ ಎಂದೂ ಇರಲಿಲ್ಲ.

ಗುಟ್ಟು ಬಿಡಿಸಿದ್ದು ಅಲ್ಲಿನ ಹಿರಿಯ ಆಪರೇಟರ್. ಎಲ್ಲರ ಬಾಯಲ್ಲೂ ಅವರು ದೊಡ್ಡಪ್ಪ. "ಫೋನಲ್ಲಿ ಹೀಗೆ ಮಾತಾಡೋದನ್ನ ಎಲ್ಲಿ ಕಲಿತೆ ಮಗಳೇ?" ಎಂದು ಕೇಳಿದರು. ಟ್ರೈನಿಂಗಿನಲ್ಲಿ, ಅಂದಳು. ಮೂರು ತಿಂಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಳೆಯ ಕರೆಗಳ ರೆಕಾರ್ಡಿಂಗ್ ಕೇಳಿದ್ದಳು. ಒಬ್ಬ ಹೆಂಗಸು ಅಂಕಿಯನ್ನು ಬಿಡಿಸಿ ಹೇಳುವ ರೀತಿ, ಕೊನೆಗೆ ಮೆಲ್ಲಗೆ ಎಳೆಯುವ "ಒಪ್ಪಿಗೆಯಾ?". ಚೆನ್ನಾಗಿದೆಯಲ್ಲ ಎಂದು ಅದನ್ನೇ ರೂಢಿ ಮಾಡಿಕೊಂಡಿದ್ದಳು.

ದೊಡ್ಡಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು. ಆ ದನಿಯವಳನ್ನು ಅವನು ಮದುವೆಯಾಗಬೇಕಿತ್ತು. ನಾಲ್ಕು ವರ್ಷದ ಹಿಂದೆ ಒಂದು ದಿನ ಫೋನಿನಲ್ಲಿ "ನಿನ್ನ ಲೆಕ್ಕ ತಪ್ಪು" ಅಂದ, ಮಾತಿಗೆ ಮಾತು ಬೆಳೆಯಿತು. ಬೆಟ್ಟದ ಮೇಲಿನ ಗಾಳಿಮಾಪಕವನ್ನು ಕಣ್ಣಾರೆ ನೋಡಿಯೇ ಬರುತ್ತೇನೆಂದು ಅವಳು ಜೀಪು ಹತ್ತಿದಳು. ಜೀಪು ಕಣಿವೆಗೆ ಉರುಳಿತು. ಮಾಪಕ ನಿಜಕ್ಕೂ ಕೆಟ್ಟಿತ್ತು. ಅವನು ಹೇಳಿದ್ದೇ ಸರಿಯಾಗಿತ್ತು, ಆ ಸರಿಯೇ ಅವನನ್ನು ಇವತ್ತಿಗೂ ತಿನ್ನುತ್ತಿದೆ ಎಂದರು ದೊಡ್ಡಪ್ಪ.

ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅವಳು "ಒಪ್ಪಿಗೆಯಾ?" ಅಂದು ನೋಡಿದಳು. ತುಟಿ ಅವಳದು, ಮಾತು ಅವಳದಲ್ಲ. ಫೋನ್ ಹಿಡಿದರೆ ನೀನು ಬೇರೆ ಯಾರೋ ಆಗುತ್ತೀಯೆಂದು ಅಮ್ಮ ನಕ್ಕಿದ್ದು ನೆನಪಾಗಿ ಮೈ ಜುಮ್ಮೆಂದಿತು. ಸತ್ತವಳ ಮೇಲಿನ ಹೊಟ್ಟೆಕಿಚ್ಚಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಜಗಳಕ್ಕೂ ಅವಳು ಸಿಗುವುದಿಲ್ಲ. ಅವನಿಗೆ ಬೇಕಾಗಿರುವುದು ನಾನೋ, ನನ್ನ ಗಂಟಲಲ್ಲಿ ಕೂತಿರುವ ಅವಳೋ? ಇದೊಂದು ತಿಳಿಯದೆ ಅವಳಿಗೆ ಊಟ ಸೇರಲಿಲ್ಲ.

ಅದೇ ಗುಂಗಿನಲ್ಲಿ ಮರುದಿನ ಎಡವಟ್ಟಾಯಿತು. ಹಿಂದಿನ ದಿನದ ಹಾಳೆ ನೋಡಿ ಒಂಬೈನೂರು ಅಂದುಬಿಟ್ಟಳು. ಅವನು "ಆಯ್ತು" ಅಂದ. ಐದೂವರೆಗೆ ನೋಡಿದರೆ ಕಿಟಕಿಯಾಚೆ ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಹಾಳೆಯ ತಾರೀಖು ನೋಡಿದರೆ ನಿನ್ನೆಯದು. ಓಡಿ ಇಳಿದಳು. ಪರದೆಯ ಮೇಲೆ ಐವತ್ತರಲ್ಲಿ ನಿಲ್ಲಬೇಕಾದ ಕರೆಂಟಿನ ಫ್ರೀಕ್ವೆನ್ಸಿ ಜಾರುತ್ತಿತ್ತು, ಅವನು ಅಣೆಕಟ್ಟಿನವರಿಗೆ ನೀರು ಬಿಡಲು ಹೇಳುತ್ತಿದ್ದ. ಅವರು ಆಗಲೇ ಸಜ್ಜಾಗಿ ಕೂತಿದ್ದರು. ಒಂದು ಬಡಾವಣೆ ಆರು ನಿಮಿಷ ಕತ್ತಲಲ್ಲಿದ್ದದ್ದು ಬಿಟ್ಟರೆ ಅನಾಹುತ ತಪ್ಪಿತು.

"ನಾನು ಹೇಳಿದ್ದು ತಪ್ಪು ಅಂತ ನಾಲ್ಕು ಗಂಟೆಗೇ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತು. ಅದಕ್ಕೇ ನೀರಿನವರಿಗೆ ರೆಡಿ ಇರಿ ಅಂದಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ? ಆಗಲೇ ಹೇಳಿದ್ದಿದ್ರೆ ಆ ಆರು ನಿಮಿಷಾನೂ ಉಳೀತಿತ್ತು."

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ. "ಹೇಳಿದ್ಮೇಲೆ ನೀವೂ ಎದ್ದು ಹೋಗ್ಬಿಟ್ರೆ?"

ಅವಳಿಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. "ನೋಡಿ, ಇಷ್ಟು ದಿನ ಆ ಫೋನಲ್ಲಿ ನಾನು ಇರಲೇ ಇಲ್ಲ. ಆ ದನಿ ನಂದಲ್ಲ, ಕದ್ದದ್ದು. ಯಾರದ್ದು ಅಂತ ನಿನ್ನೆ ಗೊತ್ತಾಯ್ತು. ನಾಳೆಯಿಂದ ನನ್ನ ಬಾಯಲ್ಲೇ ಮಾತಾಡ್ತೀನಿ. ಕೇಳೋಕೆ ಚೆನ್ನಾಗಿರಲ್ಲ. ಅದು ಬೇಡ ಅನ್ಸಿದ್ರೆ ಫೋನ್ ಇಟ್ಟುಬಿಡಿ, ಬೇಜಾರಿಲ್ಲ."

ಬೇಜಾರಿಲ್ಲ ಅಂದದ್ದು ಶುದ್ಧ ಸುಳ್ಳು.

ಮರುದಿನ ನಾಲ್ಕಕ್ಕೆ ಅವಳು ಫೋನ್ ಎತ್ತಿಕೊಂಡಳು. ಅಮ್ಮನ ಹತ್ತಿರ ಮಾತಾಡುವ ಹಾಗೆ ಗಡಿಬಿಡಿಯಲ್ಲಿ ಹೇಳಿ ಮುಗಿಸಿದಳು: "ಆರಕ್ಕೆ ಏಳುನೂರು ಸಿಗತ್ತೆ ಕಣ್ರೀ."

ಆ ಕಡೆ ಮೌನ. ಎಷ್ಟು ಹೊತ್ತೆಂದರೆ, ಅವಳು ಫೋನ್ ಇಡುವ ಸದ್ದಿಗಾಗಿ ಕಣ್ಣು ಮುಚ್ಚಿದಳು.

"ನಿಮ್ಮ ಲೆಕ್ಕ ತಪ್ಪು," ಅಂದ ಅವನು. ದನಿ ಕಂಪಿಸುತ್ತಿತ್ತು. "ಐನೂರು ದಾಟಲ್ಲ."

ಅದು ಹೇಗೆ ಹೇಳುತ್ತೀರೆಂದು ಅವಳು ಜಗಳಕ್ಕೇ ನಿಂತಳು. ಮೋಡ ಬೆಟ್ಟ ದಾಟುತ್ತಿದೆ, ಅದರ ಬೆನ್ನಿಗೆ ಗಾಳಿ ಬಂದೇ ಬರುತ್ತದೆ ಅಂದಳು. ಬರುತ್ತದೆ, ಆದರೆ ಏಳರ ಮೇಲೆ ಅಂದ ಅವನು. ನೀವು ಮೊಲಕ್ಕೆ ಮೂರೇ ಕಾಲು ಅನ್ನುವವರು ಎಂದು ರೇಗಿ, ನಕ್ಷೆ ತಿರುವಿ ನೋಡಲು ಅರೆಗಳಿಗೆ ಸುಮ್ಮನಾದಳು.

"ಇದ್ದೀರಾ?" ಅವನ ದನಿ ಸಣ್ಣಗಾಗಿಬಿಟ್ಟಿತ್ತು. "ರೀ, ಲೈನಲ್ಲಿ ಇದ್ದೀರಾ?"

"ಇದ್ದೀನಿ. ಎಲ್ಲಿಗೆ ಹೋಗ್ಲಿ? ಜಗಳ ಇನ್ನೂ ಮುಗಿದಿಲ್ಲ."

ಅವನು ಅಳುತ್ತಿರುವುದು ಕೇಳಿಸಿತು. ಅವಳು ಸಮಾಧಾನ ಹೇಳಲು ಹೋಗಲಿಲ್ಲ, ಕಾದಳು.

"ನೀವು ಬೇಕು ನನಗೆ," ಅಂದ. "ಅವಳಲ್ಲ. ನೀವು."

ಆರು ಗಂಟೆಗೆ ಗಾಳಿ ಆರುನೂರು ಕೊಟ್ಟಿತು. ಇಬ್ಬರ ಲೆಕ್ಕವೂ ತಪ್ಪಾಗಿತ್ತು.