ಮೂರು ಮೊಹರಿನ ಮದುವೆ

ಸ್ಟೆಲ್ಲಾಳ ಜೊತೆ ಹನ್ನೊಂದು ವರ್ಷ ಬಾಳಿದ್ದೇ ದೊಡ್ಡ ತಪಸ್ಸು ಎಂದು ಸ್ಟ್ಯಾನ್ಲಿಗೆ ಖಾತ್ರಿಯಾಗಿತ್ತು. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಅವಳು. ಮನೆಯಲ್ಲೂ ಅದೇ ವಾರ್ಡಿನ ಶಿಸ್ತು. ಅದೇ ಊರಿನ ರೂವಿ ಪೇಟೆಯ ಬ್ಯೂಟಿ ಪಾರ್ಲರಿನ ವಿಕ್ಟೋರಿಯಾ ಹಾಗಲ್ಲ, ಅವನ ಜೋಕಿಗೆಲ್ಲ ನಗುತ್ತಿದ್ದಳು. ಆದರೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಮೊದಲು ಅವಳದ್ದು ಮುಗಿಸಿ ಬನ್ನಿ. ನಮ್ಮದು ಆಮೇಲೆ."

ಮುಗಿಸುವುದು ಹೇಗೆ? ಇಗರ್ಜಿ ವಿಚ್ಛೇದನ ಕೊಡುವುದಿಲ್ಲ. ಬಿಷಪರ ಕೋರ್ಟಿಗೆ ಹೋದರೆ ತಲೆ ನರೆಯುವುದು ಗ್ಯಾರಂಟಿ. ಕೊಲೆ? ಛೆ, ಅವನೇನು ಕಟುಕನೇ! ಮಂಗಳೂರಿನಲ್ಲಾದ ಮದುವೆ ಓಮಾನಿನಲ್ಲಿ ಮದುವೆ ಅನ್ನಿಸಿಕೊಳ್ಳಬೇಕಾದರೆ ಸರ್ಟಿಫಿಕೇಟಿನ ಬೆನ್ನಿಗೆ ಮೂರು ಕಚೇರಿಗಳ ಮೊಹರು ಬೀಳಬೇಕು. ಮೊಹರು ಸುಳ್ಳಾದರೆ ಮದುವೆ ಸುಳ್ಳು, ಮದುವೆ ಸುಳ್ಳಾದರೆ ಫ್ಯಾಮಿಲಿ ವೀಸಾ ಖಲಾಸ್. ಸ್ಟೆಲ್ಲಾ ವಿಮಾನ ಹತ್ತುತ್ತಾಳೆ, ಅವನು ಕೈಬೀಸುತ್ತಾನೆ. ಊರಿನಿಂದ ಹೊಸ ಸರ್ಟಿಫಿಕೇಟ್ ತರಿಸಿ ಮೊಹರು ಹಾಕಿಸಲು ಆರು ತಿಂಗಳಾದರೂ ಬೇಕು. ಅಷ್ಟರಲ್ಲಿ ವಿಕ್ಟೋರಿಯಾಳ ಜೊತೆ ಮುಂಬಯಿಯಲ್ಲಿ ರಿಜಿಸ್ಟರ್ ಮದುವೆ ಮುಗಿದಿರುತ್ತದೆ. ರಕ್ತವಿಲ್ಲ, ಹೆಣವಿಲ್ಲ, ಪಾಪನಿವೇದನೆಗೂ ಹೆಚ್ಚು ಹೊತ್ತು ಬೇಡ!

ಮಸ್ಕತ್ತಿನ ಮತ್ರಾ ಪೇಟೆಯಲ್ಲಿ ಮೊಹರು ಕೆತ್ತುವ ರಹ್ಮತ್ ಸರ್ಟಿಫಿಕೇಟನ್ನು ತಿರುಗಿಸಿ ನೋಡಿದ. "ನಕಲಿ ಅಂತ ಯಾರಿಗೂ ಗೊತ್ತಾಗೋದಿಲ್ಲ, ಸಾಬ್."

"ಗೊತ್ತಾಗಬೇಕು ಮಾರಾಯಾ! ನೋಡಿದ ಕೂಡಲೇ ಗೊತ್ತಾಗಬೇಕು."

ಇಂಥ ಗಿರಾಕಿಯನ್ನು ರಹ್ಮತ್ ಜನ್ಮದಲ್ಲಿ ಕಂಡಿರಲಿಲ್ಲ. ಸರ್ಟಿಫಿಕೇಟಿನ ನಕಲು ಮಾಡಿ, ಅದರ ಬೆನ್ನಿಗೆ ಮೂರು ಮೊಹರನ್ನೂ ಒಂದೇ ನೇರಳೆ ಶಾಯಿಯಲ್ಲಿ, ಒಂದನ್ನು ತಲೆಕೆಳಗಾಗಿ ಒತ್ತಿಕೊಟ್ಟ. ಅಸಲಿ ಸರ್ಟಿಫಿಕೇಟನ್ನು ಸ್ಟ್ಯಾನ್ಲಿ ಅಡುಗೆಮನೆಯ ಸಿಂಕಿನಲ್ಲಿ ಸುಟ್ಟು ನೀರು ಬಿಟ್ಟ, ನಕಲಿಯನ್ನು ಫೈಲಿಗೆ ಸೇರಿಸಿದ. ಎರಡು ವರ್ಷಕ್ಕೊಮ್ಮೆ ವೀಸಾ ನವೀಕರಣಕ್ಕೆ ಓಡಾಡುವವಳು ಸ್ಟೆಲ್ಲಾ. ಕ್ಯೂ ನಿಲ್ಲುವುದು ಯಜಮಾನರ ಕೆಲಸವಲ್ಲ.

"ಕಾಗದ ಎಲ್ಲ ಫೈಲಿನಲ್ಲಿ ಉಂಟಲ್ಲ?" ಎಂದಳು ಸ್ಟೆಲ್ಲಾ.

"ಉಂಟುಂಟು."

ಈ ಸಲ ಮಾತ್ರ ಅವನೂ ಇಸ್ತ್ರಿ ಅಂಗಿ ತೊಟ್ಟು ಜೊತೆಗೆ ಹೊರಟ. ದುಃಖದ ಮುಖವನ್ನು ಕನ್ನಡಿಯೆದುರು ಮೂರು ದಿನ ಅಭ್ಯಾಸ ಮಾಡಿದ್ದ. ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ವೀಸಾ ಕಚೇರಿಯ ಅಧಿಕಾರಿ ತಲೆಕೆಳಗಾದ ಮೊಹರಿಗೆ ಹುಬ್ಬುಗಂಟಿಕ್ಕಿದ, ಫೋನ್ ಮಾಡಿದ, ಇಂಗ್ಲಿಷಿನಲ್ಲಿ ಹೇಳಿದ: "ಈ ಮದುವೆಯನ್ನು ನಾವು ಒಪ್ಪುವುದಿಲ್ಲ. ಫ್ಯಾಮಿಲಿ ವೀಸಾ ರದ್ದು. ಏಳು ದಿನದೊಳಗೆ ದೇಶ ಬಿಡಬೇಕು."

ಸ್ಟ್ಯಾನ್ಲಿಯ ಎದೆ ಸಂತೋಷದಿಂದ ಹಾರಿತು. ಹೆಂಡತಿಯ ಭುಜದ ಮೇಲೆ ಕೈಯಿಟ್ಟು, "ಹೆದರಬೇಡ, ಏರ್‌ಪೋರ್ಟಿಗೆ ನಾನೇ ಬಿಡ್ತೇನೆ," ಎಂದ.

ಅಧಿಕಾರಿ ವೀಸಾ ರದ್ದು ಮಾಡಿದ ಪಾಸ್‌ಪೋರ್ಟನ್ನು ಅವನ ಮುಂದೆ ತಳ್ಳಿದ. ಅದರಲ್ಲಿದ್ದ ಫೋಟೋ ಸ್ಟ್ಯಾನ್ಲಿಯದೇ. ಮದುವೆಯಾದ ಮರುವರ್ಷ ಆಸ್ಪತ್ರೆಯ ವೀಸಾದ ಮೇಲೆ ಮೊದಲು ಬಂದವಳು ಸ್ಟೆಲ್ಲಾ. ಎರಡು ವರ್ಷ ಬಿಟ್ಟು ತನ್ನ ಫ್ಯಾಮಿಲಿ ಎಂದು ಅವನನ್ನು ಕರೆಸಿಕೊಂಡವಳೂ ಅವಳೇ. "ಇವಳನ್ನು ಗಲ್ಫಿಗೆ ತಂದವನು ನಾನು" ಎಂದು ಊರಿನವರ ಪಾರ್ಟಿಗಳಲ್ಲೆಲ್ಲ ಹೇಳಿ ಹೇಳಿ, ಸ್ಟ್ಯಾನ್ಲಿ ಅದನ್ನು ತಾನೇ ನಂಬಿಬಿಟ್ಟಿದ್ದ. ಸ್ಟೆಲ್ಲಾ ಗಡಿಯಾರ ನೋಡಿಕೊಂಡಳು. "ನೀವು ಟ್ಯಾಕ್ಸಿಯಲ್ಲೇ ಹೋಗಿ," ಎಂದಳು, "ನನಗೆ ಡ್ಯೂಟಿ ಉಂಟು."